ಆರನೇ ಬಾವಿಯ ಗುಟ್ಟು

ಟೊವಾಂಡಾ ಊರಿನ ಕಾಫಿ ಅಂಗಡಿಯ ಸಾಲಿನಲ್ಲಿ ಮಾರ್ಲೀನ್‌ಳ ಮುಂದೆ ಗ್ಯಾಸ್ ಬಾವಿಯ ಎಂಜಿನಿಯರ್ ಲೋವೆಲ್ ಮತ್ತು ಹಿರಿಯ ಮೇಸ್ತ್ರಿ ಡರ್ಲಾ ನಿಂತಿದ್ದರು. ಅವರ ಮಾತು ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಆರೂ ಬಾವಿಗೂ ಅದೇ ಶೇಲ್ ಬಂಡೆ, ಬಂಡೆ ಸೀಳೋಕೆ ಅಷ್ಟೇ ನೀರು, ಬಿರುಕು ತೆರೆದಿಡೋಕೆ ಅಷ್ಟೇ ಮರಳು. ಆರನೇದು ಮಾತ್ರ ಎರಡರಷ್ಟು ಗ್ಯಾಸ್ ಕೊಡ್ತಿದೆ. ಯಾಕೆ ಅಂತ ನಾಳೆ ಮೀಟಿಂಗಲ್ಲಿ ಹೇಳ್ಬೇಕು,” ಎಂದ ಲೋವೆಲ್.

“ಏನು ಹೇಳ್ತೀಯ ಮಾರಾಯ?”

“ನನ್ನ ಡಿಸೈನ್ ಅಂತ ಬರ್ದಿಟ್ಟಿದ್ದೀನಿ.”

“ಆರನೇದನ್ನ ತೆರೆಯುವಾಗ ನೀನು ಮಗಳಿಗೆ ಜ್ವರ ಅಂತ ರಜೆಯಲ್ಲಿದ್ದೆಯಲ್ಲಪ್ಪ! ನಾವು ವಾಲ್ವನ್ನ ದಿನಕ್ಕಿಷ್ಟಿಷ್ಟೇ ತಿರುಗಿಸಿದ್ವಿ. ಮಿಕ್ಕ ಐದನ್ನ ನೀನು ಒಂದೇ ಸಲಕ್ಕೆ ಪೂರ್ತಿ ತೆರೆಸಿದೆ. ಒಳಗಿನ ಮರಳೆಲ್ಲ ಮೇಲೆ ಬಂದು ಬಿರುಕು ಮುಚ್ಕೊಂಡ್ವು.”

“ಗೊತ್ತು ಡರ್ಲಕ್ಕ. ಬಾವಿ ಚೆನ್ನಾಗಿರೋಕೆ ಮುಖ್ಯ ಕಾರಣ, ನಾನು ಅಲ್ಲಿಲ್ಲದೆ ಇದ್ದದ್ದು.”

“ಹಾಗಂತ ಕಂಪನಿಯವರೆದುರು ಹೇಳ್ತೀಯಾ?”

ಲೋವೆಲ್ ಕಾಫಿ ತೆಗೆದುಕೊಂಡು ಬಾಗಿಲ ಕಡೆ ತಿರುಗಿದ.

“ಹೇಳ್ದೆ ಇದ್ರೆ ಮುಂದಿನ ನಾಲ್ಕು ಬಾವಿಗಳನ್ನೂ ನನ್ನ ಕೈಗೇ ಕೊಡ್ತಾರಲ್ಲಕ್ಕ!”