ಕೆಳಮನೆಗೆ ಹೊಳೆ ಬಂದದ್ದು

...ಉಜ್ಜು, ಉಜ್ಜು, ಮನೆ ಓನರ್ ಬಂದಳು ಅಂತ ಕೈ ನಿಲ್ಲಿಸಬೇಡ. ನಾನು ಇಲ್ಲೇ ಮೆಟ್ಟಿಲ ಮೇಲೆ ನಿಲ್ತೀನಿ, ಕೆಳಗಿಳಿದ್ರೆ ಸೀರೆ ಹಾಳು. ಅಯ್ಯೋ, ಏನು ಕೆಸರು ಕಣೇ ಇದು, ಹೊಳೆ ನಿನ್ನ ಟೈಲರ್ ಅಂಗಡೀಲಿ ಸಂಸಾರ ಹೂಡಿ ಹೋದ ಹಾಗಿದೆ. ಆ ಬಿರುಗಾಳಿಗೆ ಯಾವುದೋ ಹೂವಿನ ಹೆಸರು ಇಟ್ಟಿದ್ರಂತೆ. ಹೂವಂತೆ ಹೂವು... ಸೇತುವೆ ಕಂಬಿನೇ ಕಿತ್ಕೊಂಡು ಹೋಯ್ತು.

ನಿನ್ನೆ ನೆರೆ ನೋಡೋಕೆ ತಾಲೂಕು ಆಫೀಸಿನ ಸಾಹೇಬರು ಬಂದಿದ್ದು ನೋಡಿದೆಯಾ? ನೀರೆಲ್ಲಾ ಇಳಿದ ಮೇಲೆ ದೋಣೀಲಿ ಬಂದರು. ಪಾದ ಮುಳುಗಿದ್ರೆ ಹೆಚ್ಚು, ಅಷ್ಟು ನೀರು. ಆಳುಗಳು ಏದುಸಿರು ಬಿಟ್ಕೊಂಡು ದೋಣಿ ಎಳೀತಾರೆ, ಇವರು ಒಳಗೆ ಕೂತು ಫೋಟೋಗೆ ಮುಖ ಸಪ್ಪೆ ಮಾಡ್ತಾರೆ. ಯಾಕೆ ನಗ್ತೀಯ? ನಿನ್ನ ಬಾಗಿಲ ಮುಂದೇನೇ ಸಿಕ್ಕಿಹಾಕ್ಕೊಂಡಿದ್ದು. ಕೊನೆಗೆ ಬೂಟು ಕೈಲಿ ಹಿಡ್ಕೊಂಡು ನಡೆದೇ ಹೋದರು ಪಾಪ.

ನಾನಾ? ನೀರು ನುಗ್ಗಿದಾಗ ಎಲ್ಲಿದ್ದೆ ಅಂತಾನಾ? ಎಷ್ಟು ಸಲ ಹೇಳಲಿ, ನಿದ್ದೆ ಹೋಗಿಬಿಟ್ಟಿದ್ದೆ. ತಲೆನೋವಿನ ಮಾತ್ರೆ ನುಂಗಿ ಮಧ್ಯಾಹ್ನ ಅಡ್ಡಾದೆ ಅಂದ್ರೆ ನನಗೆ ಲೋಕವೇ ಮುಳುಗಿದ್ರೂ ಗೊತ್ತಾಗಲ್ಲ. ಎದ್ದು ಕಿಟಕೀಲಿ ನೋಡ್ತೀನಿ, ಬೀದಿಯೇ ಹೊಳೆ.

ಅದಿರಲಿ, ನಿನ್ನ ಬುದ್ಧಿಗೆ ಏನು ಹೇಳೋಣ? ನೀರು ಹೊಸಿಲು ದಾಟ್ತಿದೆ, ಇವಳು ಗಿರಾಕಿಗಳ ಬಟ್ಟೆ ಗಂಟು ಕಟ್ಟಿ ಅಟ್ಟಕ್ಕೆ ಏರಿಸ್ತಾಳೆ. ಬ್ಯಾಂಕಿನವಳ ರವಿಕೆ, ಮೇಷ್ಟ್ರ ಪ್ಯಾಂಟು... ಏನಂದೆ? ಕತ್ತರಿ ಬಿದ್ದ ಬಟ್ಟೆ, ಹಾಳಾದ್ರೆ ಅವರಿಗೆ ಏನು ಜವಾಬು ಕೊಡೋದು ಅಂತೀಯ. ಆಹಾ. ನಿನಗೂ ನಿನ್ನ ಮಗಳಿಗೂ ಅನ್ನ ಹಾಕೋದು ಯಾವುದು, ಮೇಷ್ಟ್ರ ಪ್ಯಾಂಟಾ, ಆ ಮೆಷಿನ್ನಾ? ಮೋಟರ್ ಒಳಗೆಲ್ಲಾ ಕೆಸರು, ಇನ್ನು ಇದು ತಿರುಗಲ್ಲ ಅಂತ ರಿಪೇರಿಯವನೂ ಕೈ ಎತ್ತಿದನಂತೆ. ಊರವರ ತೋಳು ಕಾಲರು ಉಳೀತು, ನಿನ್ನ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ.

ಮೊದಲು ಮೆಷಿನ್ ಎತ್ತಬೇಕಿತ್ತು. ಒಬ್ಬಳ ಕೈಲಾಗಲ್ಲ, ಗೊತ್ತು, ಕಬ್ಬಿಣದ ಗುಂಡು ಅದು, ಇನ್ನೊಬ್ಬರು ಬೇಕು. ಹಾಗಂತ ಮೆಟ್ಟಿಲ ಮೇಲೆ ನಿಂತು, "ಅಕ್ಕಾ, ಒಂದು ಕಡೆ ಹಿಡೀರಿ ಸಾಕು, ನೆಲ ಆಮೇಲೆ ನಾನೇ ಒರೆಸಿಕೊಡ್ತೀನಿ" ಅನ್ನೋದಾ? ಪ್ರಾಣಕ್ಕೆ ಬಂದಿರುವಾಗ ನೆಲದ ಮಾತು ಯಾಕೆ? ಎಲ್ಲಿ ಏನು ಹೇಳಬೇಕು ಅನ್ನೋದೇ ನಿನಗೆ...

ಯಾಕೆ ಪೊರಕೆ ಕೆಳಗಿಟ್ಟೆ?

ಹಾಗೆ ನೋಡಬೇಡ. ಎದುರು ಮನೆಯವಳು ಹೇಳಿದಳು. ನೀನು ಕೂಗಿದ್ದು ಅವಳಿಗೆ ಕೇಳಿಸ್ತಂತೆ... ಅವಳು... ಹಿಂದಿನ ದಿನಾನೇ ಬೀಗ ಹಾಕ್ಕೊಂಡು ತಂಗಿ ಮನೆಗೆ ಹೋಗಿದ್ದಳು, ಅಲ್ವಾ. ಹೌದು. ಹೋಗಿದ್ದಳು.



ಮೇಲೆ ನಮ್ಮನೇದು ಆಗ ತಾನೇ ಪಾಲಿಶ್ ಮಾಡಿಸಿದ ನೆಲ ಕಣೇ, ಮುಖ ಕಾಣೋ ಹಾಗೆ ಹೊಳೀತಿತ್ತು. ಮೆಷಿನ್ ತುಂಬಾ ಎಣ್ಣೆ, ನಿನ್ನ ಮೈಯೆಲ್ಲಾ ಕೆಸರು... ಚಿಲಕದ ಮೇಲೆ ಕೈ ಇಟ್ಟಿದ್ದೆ, ದೇವರಾಣೆಗೂ ಇಟ್ಟಿದ್ದೆ. ಒಂದೇ ಗಳಿಗೆ ಯೋಚನೆ ಮಾಡಿದೆ. ಅಷ್ಟರಲ್ಲಿ ನೀನು ಕೂಗೋದು ನಿಲ್ಲಿಸಿದೆ.

ಬೈಯಿ, ಬೈದಾದ್ರೂ ಬಿಡು. ಬಾ, ಮೇಲೆ ಬಾ, ಒಂದು ಲೋಟ ಬಿಸಿ ಟೀ ಕುಡಿದು ಹೋಗುವಂತೆ. ಬರ್ತೀಯಾ? ಬಾ, ಬಾ, ಬಾಗಿಲು ತೆಗೆದೇ ಇದೆ...

ತಾಳು. ಕಾಲು ತೊಳ್ಕೊಂಡು ಬಾ.