ಜಾರ್ಜ್‌ನ ಬಯೋಡೇಟಾ ಹಾಕಿದ ಜಾಗ

ಹಾಕಲಿಲ್ಲ. ನೀವು ಹೇಳಿದ ದುಬೈಯ ವೆಬ್‌ಸೈಟಿನಲ್ಲಿ ನಾನು ನಿಮ್ಮ ಬಯೋಡೇಟಾ ಹಾಕಲೇ ಇಲ್ಲ. ಆಯ್ತಾ? ಈಗ ಆ ಕುರ್ಚಿ ಎಳೆದು ಕುಳಿತುಕೊಳ್ಳಿ. ನೀವು ಹೀಗೆ ಬೆನ್ನ ಹಿಂದೆ ನಿಂತರೆ ಲಿಯೋನೆಲ್ ಕೌಂಟರಿನಿಂದ ಕತ್ತು ಉದ್ದ ಮಾಡುತ್ತಾನೆ. ಅವನ ಸೈಬರ್ ಕೆಫೆಯಲ್ಲಿ ಗಂಡ ಹೆಂಡತಿ ಜಗಳ ಮಾಡಿದರು ಅಂತ ಸಂಜೆಯೊಳಗೆ ಇಡೀ ಕಾಪುವಿಗೆ ಗೊತ್ತಾಗುತ್ತದೆ.

ಹೌದು, ಸುಳ್ಳು ಹೇಳಿದೆ. ಹಾಕಿದ್ದೇನೆ, ಉತ್ತರ ಬರಬೇಕಷ್ಟೇ ಅಂತ ಹೇಳಿದೆ. ಟೈಪಿಂಗ್ ಬರುವುದು ನನಗೆ, ಕಂಪ್ಯೂಟರ್ ಕಲಿತದ್ದು ನಾನು. ಎಲ್ಲಿ ಹಾಕಬೇಕು ಅಂತ ನಾನು ಯೋಚಿಸಬಾರದಾ?

ಯೋಚಿಸಿಯೇ ಹಾಕಿದ್ದು, ಕೇಳಿ. ಹಾಕಲು ಇದ್ದದ್ದು ಮೂರು ಸೈಟು. ಒಂದು, ನಿಮ್ಮ ದುಬೈಯ ಸೈಟು. ಇನ್ನೊಂದು, ನಮ್ಮ ಕ್ರಿಶ್ಚನರೇ ನಡೆಸುವ ಸೈಟು... ಅದೇ, ಮೇಲೆ ಮದುವೆಯ ಸುದ್ದಿ, ಕೆಳಗೆ ಮರಣದ ಸುದ್ದಿ, ನಡುವೆ ಕೆಲಸ ಬೇಕಾಗಿದೆ ಅಂತ ಜಾಹೀರಾತು. ಅದು ಬೇಡ ಅಂತ ನೀವೇ ಹೇಳಿದಿರಿ. ಮಸ್ಕತ್‌ನಲ್ಲಿ ನಿಮ್ಮ ಸ್ಟ್ಯಾನಿಸ್ಲಾಸಣ್ಣನ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ಓದುವುದು ಅದನ್ನೇ. ಜಾರ್ಜ್‌ನ ಕೆಲಸ ಹೋಯಿತಂತೆ ಅಂತ ಫೋನು ಶುರು ಮಾಡುತ್ತಾಳೆ. ಸರಿ, ಅದನ್ನು ನಾನೂ ಒಪ್ಪಿದೆ.

ಮತ್ತೊಂದು ಉಂಟಲ್ಲ, ಇಲ್ಲಿನ ಕಂಪೆನಿಯವರು ನೋಡುವುದು. ನಾನು ಹಾಕಿದ್ದು ಅದರಲ್ಲಿ. ಯಾವ ಊರಿನಲ್ಲಿ ಕೆಲಸ ಬೇಕು ಅಂತ ಕೇಳಿತು. ಆರಿಸಲು ಕೊಟ್ಟ ಊರುಗಳಲ್ಲಿ ಉಡುಪಿಯೇ ಇಲ್ಲ ಮಾರಾಯ್ರೆ. ಮಂಗಳೂರು ಅಂತ ಒತ್ತಿದೆ. ಕೆಳಗೆ ಖಾಲಿ ಜಾಗ ಇತ್ತು. ಕಾಪುವಿನ ಮನೆಯಿಂದ ದಿನಾ ಹೋಗಿ ಬರುವಷ್ಟು ಹತ್ತಿರ ಬೇಕು ಅಂತ ಅಲ್ಲಿ ಬರೆದೆ. ಹಾಗೆ ಬರೆಯುವ ಕ್ರಮ ಇಲ್ಲ ಅಂತ ಲಿಯೋನೆಲ್ ಹೇಳಿದ. ಇಲ್ಲದಿದ್ದರೆ ಬೇಡ, ನನಗೆ ಬೇಕಾದದ್ದು ಅದೇ ಅಂದೆ.

ಯಾಕೆ ಅಂತ ಕೇಳುತ್ತೀರಾ? ಹನ್ನೆರಡು ವರ್ಷ ದುಬೈಯಲ್ಲಿ ಕಂಡವರ ಮಾಲುಗಳಿಗೆಲ್ಲ ಎಸಿ ಕೂರಿಸಿದಿರಿ. ಎರಡು ವರ್ಷಕ್ಕೊಮ್ಮೆ ಬಂದಿರಿ. ನಮ್ಮ ಕ್ಯಾರೆನ್‌ಗೆ ಮೂರು ವರ್ಷ ಆಗಿದ್ದಾಗ ನೀವು ಬಂದದ್ದು ನೆನಪುಂಟಾ? ನಿಮಗೆ ಗೊತ್ತಿಲ್ಲದ್ದು ಒಂದು ಹೇಳುತ್ತೇನೆ. ನೀವು ಪೆಟ್ಟಿಗೆ ಬಿಚ್ಚುತ್ತಾ ಇದ್ದಿರಿ. ಅವಳು ಮೆಲ್ಲ ಹೋಗಿ ಫೋನಿನ ರಿಸೀವರ್ ಎತ್ತಿಕೊಂಡಳು. "ಡ್ಯಾಡಿ, ಮನೆಗೆ ಯಾರೋ ಬಂದಿದ್ದಾರೆ, ಬೇಗ ಬಾ" ಅಂದಳು. ಅವಳ ಡ್ಯಾಡಿ ಫೋನಿನೊಳಗೆ ಇದ್ದದ್ದು. ನಾನು ಅಡುಗೆಕೋಣೆಯಲ್ಲಿ ನಿಂತು ಕೇಳಿದೆ. ನಿಮಗೆ ಹೇಳಲಿಲ್ಲ. ರಜೆ ಹಾಳಾಗುತ್ತದೆ ಅಂತ.

ಈಗ ಅವಳಿಗೆ ಹತ್ತು. ಕ್ರಿಸ್ಮಸ್ಸಿಗೆ ಅಂತ ಬಂದವರು ನೀವು, ಜನವರಿಯಲ್ಲಿ ಅಲ್ಲಿಂದ ಫೋನು, ಕಂಪೆನಿ ಮುಚ್ಚಿತು, ಬರಬೇಡಿ ಅಂತ. ನೀವು ತಲೆಯ ಮೇಲೆ ಕೈಹೊತ್ತು ಕುಳಿತಿರಿ. ನಾನು ಒಳಗೆ ಹೋಗಿ ಅತ್ತೆ. ದುಃಖದಿಂದ ಅಂತ ನೀವು ತಿಳಿದಿರಿ. ಅಲ್ಲ.

ನೋಡಿ, ಇನ್ನೊಂದು ಸಂಗತಿ ಉಂಟು, ಅದನ್ನು ಹೇಳಲಿಕ್ಕೇ ನಿಮ್ಮನ್ನು ಇಲ್ಲಿಗೆ ಬರಹೇಳಿದ್ದು. ಮಣಿಪಾಲದಲ್ಲಿ ಹೊಸ ಹೋಟೆಲು ಏಳುತ್ತಾ ಉಂಟಲ್ಲ, ಅಲೆವೂರಿನ ಕಡೆಗೆ ಇಳಿಯುವ ದಾರಿಯಲ್ಲಿ? ಇಡೀ ಕಟ್ಟಡಕ್ಕೆ ಎಸಿ ನೋಡಿಕೊಳ್ಳಲು ಅವರಿಗೆ ಜನ ಬೇಕಂತೆ. ಮುಂಬಯಿಯ ಅವರ ಆಫೀಸಿನವರು ನಿಮ್ಮ ಬಯೋಡೇಟಾ ನೋಡಿದ್ದಾರೆ. ಸೋಮವಾರ ಬರಬೇಕು ಅಂತ ಮೇಲ್ ಬಂದಿದೆ. ಸಂಬಳ ಅಲ್ಲಿಯಷ್ಟು ಇಲ್ಲ, ಗೊತ್ತು. ನಾನೂ ಟೈಪಿಂಗ್ ಕ್ಲಾಸು ಹೇಳಿಕೊಡುವುದನ್ನು ಬಿಡುವುದಿಲ್ಲ. ನಡೆಯುತ್ತದೆ.

ಎಂತ? ಯಾಕೆ ನಗುತ್ತೀರಿ?

ನಾನು ಬೈಗುಳಕ್ಕೆ ತಯಾರಾಗಿ ಬಂದದ್ದು. ನೀವು ನೋಡಿದರೆ... ಓ. ದುಬೈಯವರು ನಿಮ್ಮನ್ನು ಬೇಡ ಅನ್ನಲಿಲ್ಲ, ಅವರಿಗೆ ಗೊತ್ತೇ ಇರಲಿಲ್ಲ, ಅದಕ್ಕಾ ಈ ನಗು? ಹಾಗಾದರೆ ಇಷ್ಟು ದಿನ ಅವರು ಬೇಡ ಅಂದರು ಅಂತಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಾ?

ಬೇಡ. ಮೌಸ್ ಬಿಡಿ. ಈಗ ದುಬೈಯ ಸೈಟಿನಲ್ಲಿ ಹಾಕಿ ನೋಡುವುದು ಬೇಡ. ಸುಮ್ಮನೆ ನೋಡಲಿಕ್ಕೆ ಅಂತೆ. ಸೋಮವಾರ ಮಣಿಪಾಲಕ್ಕೆ ಹೋಗುವವರಿಗೆ ದುಬೈ ಯಾಕೆ? ಕರೆಯುತ್ತಾರೋ ಇಲ್ಲವೋ ಅಂತ ತಿಳಿದು ಎಂತ ಮಾಡುವುದು? ನೀವೇ ಟೈಪ್ ಮಾಡುತ್ತೀರಾ? ನಿಮಗೆ ಅಕ್ಷರ ಹುಡುಕಲಿಕ್ಕೇ ಸಂಜೆಯಾಗುತ್ತದೆ. ಲೈನು ಕೂಡ ಇವತ್ತು ಸರಿ ಇಲ್ಲ... ಇಮೇಲ್ ಅಡ್ರೆಸ್ ಅಲ್ಲಿ ಹಾಕಬೇಡಿ. ಹೇಳಿದರೆ ಕೇಳಿ.

...

ಓದಿದಿರಲ್ಲ. ಈ ಇಮೇಲ್ ವಿಳಾಸ ನಮ್ಮಲ್ಲಿ ಮೊದಲೇ ಉಂಟು ಅಂತ ಬರೆದಿದೆ. ಕಂಪ್ಯೂಟರಿನ ತಪ್ಪಲ್ಲ ಅದು.

ಯಾಕೆ ಹಾಗೆ ನೋಡುತ್ತೀರಿ? ಬೈಯುವುದಿದ್ದರೆ ಬೈಯಿರಿ. ಲಿಯೋನೆಲ್ ಕೇಳಿದರೂ ಪರವಾಗಿಲ್ಲ, ದೊಡ್ಡ ಸ್ವರದಲ್ಲಿಯೇ ಹೇಳಿ. ನೀವು ಬೈದರೆ ತಿರುಗಿ ಬೈಯಲಿಕ್ಕೆ ನನಗೆ ಬರುತ್ತದೆ.

ಹಾಕಿದ್ದೆ. ನೀವು ಹೇಳಿದ ದಿವಸವೇ ಹಾಕಿದ್ದೆ. ಶಾರ್ಜಾದ ಒಂದು ಕಂಪೆನಿಯಿಂದ ಉತ್ತರ ಬಂತು. ಮೊದಲಿಗಿಂತ ದೊಡ್ಡ ಕೆಲಸ. ಫೋರ್‌ಮನ್. ಇದೇ ಕುರ್ಚಿಯಲ್ಲಿ ಕುಳಿತು ಓದಿದೆ. ಮತ್ತೊಮ್ಮೆ ಓದಿದೆ. ಅವರು ಇನ್ನೊಮ್ಮೆ ಬರೆದರು, ಅದಕ್ಕೂ ಉತ್ತರ ಕೊಡಲಿಲ್ಲ. ಬಯೋಡೇಟಾ ತೆಗೆದುಹಾಕಿದೆ. ಅಕೌಂಟು ಉಳಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಅಷ್ಟೇ.

ತೆಗೆದದ್ದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಇವತ್ತು ಅಂಥ ಉತ್ತರ ಬಂದರೂ ತೆಗೆಯುತ್ತೇನೆ. ಆಚೆ ಮನೆಯವರು, ಪಾದ್ರಿಯವರು, ನಿಮ್ಮ ಅಣ್ಣ, ಯಾರು ಬೇಕಾದರೂ ಬಂದು ಕೇಳಲಿ.

ಆದರೆ ನೀವು ಶೇವ್ ಮಾಡುವುದನ್ನು ಬಿಟ್ಟಿರಿ. ಚರ್ಚಿಗೆ ಪೂಜೆಗೆ ಬಂದರೆ ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲರಿಗಿಂತ ಮೊದಲು ಹೊರಟಿರಿ. ಒಂದು ದಿವಸ ಕ್ಯಾರೆನ್ ಹತ್ತಿರ, ನಿನ್ನ ಡ್ಯಾಡಿಗೆ ವಯಸ್ಸಾಯಿತು ಮಗಾ, ಇನ್ನು ಯಾರಿಗೂ ಬೇಡ ಅಂದಿರಿ. ನಾನು ಅಲ್ಲೇ ಇದ್ದೆ, ಬಟ್ಟೆ ಮಡಚುತ್ತಾ. ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಮಡಚಿದ ಬಟ್ಟೆಯನ್ನೇ ಬಿಡಿಸಿ ಇನ್ನೊಮ್ಮೆ ಮಡಚಿದೆ.

ಅದಕ್ಕೆ ಮಾತ್ರ ನಿಮ್ಮ ಮುಂದೆ ತಲೆ ತಗ್ಗಿಸುತ್ತೇನೆ.

ಅತ್ತ ತಿರುಗಬೇಡಿ. ಇಲ್ಲಿ ನೋಡಿ. ಅವರು ಕರೆದಿದ್ದರು, ಜಾರ್ಜ್. ಮೊದಲನೆಯ ವಾರದಲ್ಲೇ ಕರೆದಿದ್ದರು. ಅವರಿಗೆ ನೀವು ಬೇಕಿತ್ತು. ಅವರಿಗಿಂತ ಮೊದಲು ನನಗೆ ಬೇಕಿತ್ತು.