ಧೂಳಿಗೆ ಬಾಲವಿರುವುದಿಲ್ಲ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕ-ತಂಗಿ ಕುಳಿತಿದ್ದರು. ಅಕ್ಕನ ಮಡಿಲಲ್ಲಿ ಮಗು ಕೆಮ್ಮುತ್ತಿತ್ತು. ತಂಗಿಗೆ ಉಪಗ್ರಹದ ಚಿತ್ರಗಳನ್ನು ನೋಡುವ ಕೆಲಸವೆಂದು ಅವರ ಮಾತಿನಿಂದಲೇ ತಿಳಿಯಿತು.

“ಊರ ಮೇಲೆ ಕವಿದಿರೋದು ಬರೀ ಧೂಳು ಅಂತ ನಿಮ್ಮ ಆಫೀಸಿನವ್ರೇ ಹೇಳಿದ್ರಲ್ಲೇ?”

“ಸಾಹೇಬ್ರು ಹೇಳಿದ್ದು. ಧೂಳು ಅಂದ್ರೆ ತಪ್ಪನ್ನ ಗಾಳಿ ತಲೆಗೆ ಕಟ್ಟಿ ಸುಮ್ನಾಗ್ಬಹುದು. ಹೊಗೆ ಅಂದ್ರೆ, ಕಾಡಿಗೆ ಬೆಂಕಿ ಇಟ್ಟೋರು ಯಾರು ಅಂತ ಜನ ಕೇಳ್ತಾರೆ.”

“ನಿನಗೆ ಕಂಡಿದ್ದೇನು?”

“ಧೂಳು ಬಯಲಿಡೀ ಒಟ್ಟಿಗೆ ಏಳುತ್ತೆ ಅಕ್ಕಾ. ಇದು ಒಂದೇ ಜಾಗದಿಂದ ಬಾಲ ಬಿಟ್ಕೊಂಡು ನಮ್ಮೂರ ತನಕ ಬಂದಿದೆ. ಹೊಗೆನೇ.”

“ಬಾಯಿ ಮುಚ್ಕೊಂಡಿರು, ಕೆಲಸ ಹೋಗುತ್ತೆ.”

“ಹೋಗ್ಲಿ. ಹೊಗೆ ಅಂತ ಬರೆದು, ನನ್ನ ಹೆಸರು ಹಾಕಿ ಬೆಳಗ್ಗೆನೇ ಎಲ್ಲರಿಗೂ ಕಳಿಸಿಬಿಟ್ಟೆ.”

ಮಗು ಮತ್ತೆ ಕೆಮ್ಮಿತು. ನರ್ಸ್ ಕರೆದರು. ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ಬಾರೇ. ಡಾಕ್ಟ್ರ ಚೀಟೀಲೂ ಹೊಗೆ ಅಂತಲೇ ಬರೆಸೋಣ.”